ಹೈಸ್ಕೂಲಿನಿಂದಲೇ ಡೆಂಟಲ್ ಸೀಟಿಗೆ ಅರ್ಜಿ: ಯೂನಿವರ್ಸಿಟಿ ಆಫ್ ದಿ ಪೆಸಿಫಿಕ್‌ಗೆ ಹಾಕುವವರಿಗೆ ಸಮಗ್ರ ಮಾರ್ಗದರ್ಶಿ

ಫ್ರೀಮಾಂಟ್, ಮಿಲ್ಪಿಟಾಸ್, ಸನಿವೇಲ್ ಕಡೆ ಯಾವ ಕನ್ನಡದವರ ಮನೆಗೆ ಊಟಕ್ಕೆ ಹೋದರೂ, ಮಕ್ಕಳು ಹನ್ನೊಂದನೇ ಕ್ಲಾಸಿಗೆ ಬಂದಿದ್ದರೆ ಮಾತು ಕಾಲೇಜಿನ ಕಡೆಗೇ ತಿರುಗುತ್ತದೆ. ಮಗಳಿಗೋ ಮಗನಿಗೋ ಡಾಕ್ಟರ್ ಅಥವಾ ಡೆಂಟಿಸ್ಟ್ ಆಗುವ ಆಸೆ ಇದ್ದರಂತೂ ಅಪ್ಪ ಅಮ್ಮನಿಗೆ ಗೊಂದಲ ಇನ್ನೂ ಜಾಸ್ತಿ. ನಾವು ನೋಡಿ ಬೆಳೆದ ಪದ್ಧತಿಯೇ ಬೇರೆ. ಊರಿನಲ್ಲಿ ಪಿಯುಸಿ ಮುಗಿಸಿ, ಆಗ ಸಿಇಟಿ, ಈಗ ನೀಟ್ ಬರೆದು ಸೀದಾ ಎಂಬಿಬಿಎಸ್‌ಗೋ ಬಿಡಿಎಸ್‌ಗೋ ಸೇರುತ್ತಾರೆ. ಅಮೆರಿಕದಲ್ಲಿ ಮೊದಲು ನಾಲ್ಕು ವರ್ಷದ ಡಿಗ್ರಿ. ಅದಾದ ಮೇಲೆ ಮತ್ತೆ ಪರೀಕ್ಷೆ, ಮತ್ತೆ ಅರ್ಜಿ, ಮತ್ತೆ ಇಂಟರ್‌ವ್ಯೂ. ಆಮೇಲೆ ಸಾಮಾನ್ಯವಾಗಿ ಇನ್ನೂ ನಾಲ್ಕು ವರ್ಷ ಡೆಂಟಲ್ ಅಥವಾ ಮೆಡಿಕಲ್ ಓದು.

ಆದರೆ ಕೆಲವು ಯೂನಿವರ್ಸಿಟಿಗಳಲ್ಲಿ ಇನ್ನೊಂದು ಬಾಗಿಲು ಇದೆ. ಹೈಸ್ಕೂಲ್ ಕೊನೆಯ ವರ್ಷದಲ್ಲೇ ಡಿಗ್ರಿಗೂ ವೃತ್ತಿ ಶಾಲೆಗೂ ಸೇರಿಸಿ ಅರ್ಜಿ ಹಾಕಬಹುದು. ಇಂಥವನ್ನು ಜೋಡಿ ಕಾರ್ಯಕ್ರಮ ಅನ್ನೋಣ. ರೋಡ್ ಐಲೆಂಡಿನ ಬ್ರೌನ್‌ನಲ್ಲಿ ಎಂಟು ವರ್ಷದ ಮೆಡಿಕಲ್ ಕಾರ್ಯಕ್ರಮ ಇದೆ. ಮಿಸ್ಸೂರಿ ರಾಜ್ಯದ ಕ್ಯಾನ್ಸಸ್ ಸಿಟಿಯ ಸರ್ಕಾರಿ ಯೂನಿವರ್ಸಿಟಿಯಲ್ಲಿ ಆರೇ ವರ್ಷದ್ದು ಇದೆ. ನಮ್ಮ ಕ್ಯಾಲಿಫೋರ್ನಿಯಾದಲ್ಲಿ ಇಂಥ ದಾರಿಗೆ ಹೆಸರಾದದ್ದು ಸ್ಟಾಕ್ಟನ್‌ನ ಯೂನಿವರ್ಸಿಟಿ ಆಫ್ ದಿ ಪೆಸಿಫಿಕ್. ಮೆಡಿಕಲ್‌ಗೆ ಅಲ್ಲ, ಡೆಂಟಲ್ ಮತ್ತು ಫಾರ್ಮಸಿಗೆ.

ನನ್ನ ಮಗಳು ಕೆಲವು ವರ್ಷದ ಹಿಂದೆ ಇಂಥ ಕಾರ್ಯಕ್ರಮಗಳಿಗೆ ಅರ್ಜಿ ಹಾಕಿದಳು. ಆಗ ಕನ್ನಡದಲ್ಲಿ ಬಿಡಿಸಿ ಹೇಳುವವರು ನಮಗೆ ಯಾರೂ ಸಿಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಆ ಯೂನಿವರ್ಸಿಟಿಯ ಪರಿಚಯ

1851ರಲ್ಲಿ ಶುರುವಾದದ್ದು. ಕ್ಯಾಲಿಫೋರ್ನಿಯಾದಲ್ಲಿ ಸನ್ನದು ಪಡೆದ ಮೊದಲ ಉನ್ನತ ಶಿಕ್ಷಣ ಸಂಸ್ಥೆ ಇದೇ. 1924ರಲ್ಲಿ ಸ್ಟಾಕ್ಟನ್‌ಗೆ ಬಂತು. ಇದು ಖಾಸಗಿ, ಲಾಭಕ್ಕಾಗಿ ನಡೆಸದ ಸಂಸ್ಥೆ. ಬರ್ಕ್ಲಿ, ಡೇವಿಸ್‌ಗಳ ಹಾಗೆ ಹತ್ತಾರು ಸಾವಿರ ಮಕ್ಕಳಿಲ್ಲ. ಮೂರು ಕ್ಯಾಂಪಸ್ ಸೇರಿಸಿದರೂ ಕೆಲವೇ ಸಾವಿರ. ಸ್ಟಾಕ್ಟನ್‌ನಲ್ಲಿ ಡಿಗ್ರಿ ಓದು ಮತ್ತು ಫಾರ್ಮಸಿ ಶಾಲೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆರ್ಥರ್ ಡುಗೋನಿ ಹೆಸರಿನ ಡೆಂಟಲ್ ಶಾಲೆ. ಸ್ಯಾಕ್ರಮೆಂಟೋದಲ್ಲಿ ಕಾನೂನು ಶಾಲೆ.

ಈ ಡೆಂಟಲ್ ಶಾಲೆಯ ವಿಶೇಷ ಏನೆಂದರೆ, ಉಳಿದ ಕಡೆ ನಾಲ್ಕು ವರ್ಷ ಹಿಡಿಯುವ ಡಿಡಿಎಸ್ ಅನ್ನುವ ಡೆಂಟಲ್ ಡಿಗ್ರಿ ಇಲ್ಲಿ ಮೂರೇ ವರ್ಷಕ್ಕೆ ಮುಗಿಯುತ್ತದೆ. ಪಾಠ ಕಡಿಮೆ ಅಂತಲ್ಲ. ಬೇಸಿಗೆ ರಜೆಯನ್ನು ತೆಗೆದು ವರ್ಷಪೂರ್ತಿ ಕಲಿಸುತ್ತಾರೆ. ಫಾರ್ಮಸಿ ಡಾಕ್ಟರೇಟ್ ಕೂಡ ಹಾಗೆಯೇ ಮೂರು ವರ್ಷದ್ದು. ಇವೆರಡರ ಹಿಂದೆಯೂ ಡಿಗ್ರಿ ಹಂತದ ಎರಡು, ಮೂರು ಅಥವಾ ನಾಲ್ಕು ವರ್ಷ ಸೇರಿಸಿ 2+3, 3+3, 4+3 ಅಂತ ಕರೆಯುತ್ತಾರೆ. ಅಂದರೆ 2+3ರಲ್ಲಿ ಸೇರಿದ ಮಗಳು ಎಲ್ಲ ಸರಿಯಾಗಿ ನಡೆದರೆ ಐದೇ ವರ್ಷಕ್ಕೆ ಡೆಂಟಿಸ್ಟ್. ಬೇರೆಯವರಿಗೆ ಎಂಟು ವರ್ಷ.

ಈ ಐದು ಅನ್ನೋ ಸಂಖ್ಯೆ ಕೇಳಿದ ತಕ್ಷಣ ಅಪ್ಪ ಅಮ್ಮನ ಕಣ್ಣು ಅರಳುತ್ತದೆ. ನಮಗೂ ಅರಳಿತ್ತು. ಆದರೆ ಎಷ್ಟು ವರ್ಷ ಉಳಿಯುತ್ತದೆ ಅನ್ನೋದನ್ನು ನೋಡಿ ಇದಕ್ಕೆ ಅರ್ಜಿ ಹಾಕಬೇಡಿ. ಮಗಳು ಆ ಕೆಲಸವನ್ನು ಹತ್ತಿರದಿಂದ ನೋಡಿದ್ದಾಳಾ? ನೋಡಿಯೂ ಬೇಕು ಅನ್ನುತ್ತಿದ್ದಾಳಾ? ಹೌದು ಅಂದರೆ ಮಾತ್ರ ಮುಂದೆ ಓದಿ.

ಹಂತ 1: ಕೆಲಸವನ್ನು ಕಣ್ಣಾರೆ ನೋಡಲಿ

ಹತ್ತನೇ ಕ್ಲಾಸಿನ ಬೇಸಿಗೆಯಲ್ಲೇ ಶುರು ಮಾಡಿ. ಇದಕ್ಕೆ ಇಲ್ಲಿ ಶಾಡೋಯಿಂಗ್ ಅನ್ನುತ್ತಾರೆ. ಡೆಂಟಿಸ್ಟ್ ಕೆಲಸ ಮಾಡುವಾಗ ಪಕ್ಕದಲ್ಲಿ ಸುಮ್ಮನೆ ನಿಂತು ನೋಡುವುದು, ಅಷ್ಟೇ. ಹೇಗೆ ಸಿಗುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಮೊದಲು ನಿಮ್ಮ ಮನೆಯವರ ಹಲ್ಲು ನೋಡುವ ಡೆಂಟಿಸ್ಟನ್ನೇ ಕೇಳಿ. ಮಗಳೇ ಕೇಳಲಿ, ನೀವಲ್ಲ. ನಾಲ್ಕು ಸಾಲಿನ ಇಮೇಲ್ ಸಾಕು: ನಾನು ಇಂಥ ಶಾಲೆಯಲ್ಲಿ ಓದುತ್ತಿದ್ದೇನೆ, ನಿಮ್ಮ ಕೆಲಸ ನೋಡಬೇಕು ಅಂತ ಆಸೆ, ಶನಿವಾರ ಬೆಳಿಗ್ಗೆ ಎರಡು ಗಂಟೆ ಬರಬಹುದಾ? ಹತ್ತು ಜನಕ್ಕೆ ಬರೆದರೆ ಒಬ್ಬರೋ ಇಬ್ಬರೋ ಒಪ್ಪುತ್ತಾರೆ. ಕನ್ನಡ ಕೂಟದ ಯುಗಾದಿ, ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಹೋದಾಗಲೂ ವಿಚಾರಿಸಿ. ನಮ್ಮವರಲ್ಲಿ ಡೆಂಟಿಸ್ಟ್‌ಗಳು, ಫಾರ್ಮಸಿಸ್ಟ್‌ಗಳು ಸಾಕಷ್ಟು ಇದ್ದಾರೆ. ಮಕ್ಕಳಿಗೆ ಸಹಾಯ ಮಾಡಲು ಹಿಂದೆಮುಂದೆ ನೋಡುವುದಿಲ್ಲ.

ಒಂದೇ ಕ್ಲಿನಿಕ್ಕಿಗೆ ನಿಲ್ಲಿಸಬೇಡಿ. ಮಕ್ಕಳ ಹಲ್ಲು ನೋಡುವವರು, ಬಾಯಿಯ ಸರ್ಜರಿ ಮಾಡುವವರು, ದುಡ್ಡಿಲ್ಲದವರಿಗೆ ನಡೆಸುವ ಸಮುದಾಯ ಕ್ಲಿನಿಕ್ – ಸಾಧ್ಯವಾದರೆ ಮೂರೂ ಬಗೆ ನೋಡಲಿ. ಹೋದ ದಿನವೇ ಒಂದು ನೋಟ್‌ಬುಕ್ಕಿನಲ್ಲಿ ತಾರೀಕು, ಎಷ್ಟು ಗಂಟೆ, ಏನು ನೋಡಿದೆ, ಏನು ಅನ್ನಿಸಿತು ಅಂತ ಬರೆದಿಡಲಿ. ರೋಗಿಗಳ ಹೆಸರು ಮಾತ್ರ ಎಲ್ಲೂ ಬರೆಯಬಾರದು. ಇಲ್ಲಿನ ಕಾನೂನು ಆ ವಿಷಯದಲ್ಲಿ ತುಂಬಾ ಬಿಗಿ.

ಆ ನೋಟ್‌ಬುಕ್ ಮುಂದೆ ಪ್ರಬಂಧಕ್ಕೂ ಇಂಟರ್‌ವ್ಯೂಗೂ ಬಂಗಾರದ ಗಣಿ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಮೂರನೇ ಸಲ ಹೋಗಿ ಬಂದ ಮೇಲೆ ಮಗಳು ಮಂಕಾಗಿದ್ದರೆ, ಬೆನ್ನು ಬಗ್ಗಿಸಿ ದಿನವಿಡೀ ಬಾಯೊಳಗೆ ನೋಡುವುದು ತನಗೆ ಆಗದು ಅಂದರೆ, ಆ ಮಾತನ್ನು ನಂಬಿ. ಹದಿನೇಳನೇ ವಯಸ್ಸಿಗೆ ಅದು ತಿಳಿದದ್ದು ದೊಡ್ಡ ಲಾಭ. ಇಪ್ಪತ್ತೆರಡಕ್ಕೆ, ಲಕ್ಷಗಟ್ಟಲೆ ಡಾಲರ್ ಸಾಲದ ನಡುವೆ ತಿಳಿದರೆ ಬಹಳ ಕಷ್ಟ.

ಹಂತ 2: ಷರತ್ತುಗಳನ್ನು ಸಾಲುಸಾಲಾಗಿ ಓದಿ

ಜನ ಅತಿ ಹೆಚ್ಚು ಎಡವುವುದು ಇಲ್ಲಿ. "ಡೆಂಟಲ್ ಸೀಟು ಸಿಕ್ಕಿತು" ಅಂತ ಊರಿಗೆ ಫೋನ್ ಮಾಡಿ ಹೇಳಿಬಿಡುತ್ತಾರೆ. ನಿಜದಲ್ಲಿ ಸಿಕ್ಕಿರುವುದು ಷರತ್ತಿನ ಮೇಲಿನ ಒಂದು ಮಾತು.

ಇಂಥ ಕಾರ್ಯಕ್ರಮಗಳಲ್ಲಿ ಎರಡು ಜಾತಿ. ಒಂದರಲ್ಲಿ, ಹೇಳಿದ ಅಂಕ ಎಲ್ಲ ಬಂದರೆ ಸೀಟು ಖಾತ್ರಿ. ಇನ್ನೊಂದರಲ್ಲಿ ಇಂಟರ್‌ವ್ಯೂ ಮಾತ್ರ ಖಾತ್ರಿ, ಸೀಟು ಅಲ್ಲ. ಇವೆರಡಕ್ಕೂ ಅಜಗಜಾಂತರ. ಕಾರ್ಯಕ್ರಮದ ಪುಟದಲ್ಲಿ, ಆಮೇಲೆ ಬರುವ ಆಫರ್ ಪತ್ರದಲ್ಲಿ ಯಾವ ಪದ ಬಳಸಿದ್ದಾರೆ ಅಂತ ಗಮನವಿಟ್ಟು ನೋಡಿ. ಅರ್ಥವಾಗದಿದ್ದರೆ ಅಡ್ಮಿಷನ್ ಆಫೀಸಿಗೆ ಇಮೇಲ್ ಬರೆದು ಉತ್ತರವನ್ನು ಇಟ್ಟುಕೊಳ್ಳಿ. ಫೋನಿನಲ್ಲಿ ಕೇಳಿದ್ದು ಎರಡು ವರ್ಷದ ನಂತರ ನೆನಪಿಗೂ ಬರುವುದಿಲ್ಲ, ಲೆಕ್ಕಕ್ಕೂ ಬರುವುದಿಲ್ಲ.

ಒಂದು ಹಾಳೆ ತೆಗೆದುಕೊಂಡು ಈ ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಿ:

- ಪ್ರತಿ ವರ್ಷ ಎಷ್ಟು ಜಿಪಿಎ ಉಳಿಸಿಕೊಳ್ಳಬೇಕು? ಒಟ್ಟಾರೆಯದಾ, ಬರೀ ವಿಜ್ಞಾನದ್ದೂ ಬೇರೆಯಾಗಿ ನೋಡುತ್ತಾರಾ?
- ಡೆಂಟಲ್ ಶಾಲೆಗೆ ಸೇರಲು ಬರೆಯುವ ಡಿಎಟಿ ಪರೀಕ್ಷೆಯಲ್ಲಿ ಎಷ್ಟು ಬರಬೇಕು, ಯಾವ ತಿಂಗಳೊಳಗೆ ಬರೆಯಬೇಕು, ಒಮ್ಮೆ ಕಡಿಮೆ ಬಂದರೆ ಮತ್ತೆ ಬರೆಯಬಹುದಾ?
- ಒಂದು ಸೆಮಿಸ್ಟರಿನಲ್ಲಿ ಬಿದ್ದರೆ 2+3ರಿಂದ 3+3ಕ್ಕೆ ಇಳಿಯಬಹುದಾ, ಅಥವಾ ಕಾರ್ಯಕ್ರಮದಿಂದಲೇ ಹೊರಗಾ?
- ಎರಡೇ ವರ್ಷಕ್ಕೆ ಡೆಂಟಲ್‌ಗೆ ಹೋದರೆ ಬ್ಯಾಚುಲರ್ ಡಿಗ್ರಿ ಯಾವಾಗ ಕೈಗೆ ಬರುತ್ತದೆ? ಡೆಂಟಲ್ ಅರ್ಧಕ್ಕೆ ಬಿಟ್ಟರೆ ಯಾವ ಡಿಗ್ರಿ ಉಳಿಯುತ್ತದೆ?
- ಬೇರೆ ಡೆಂಟಲ್ ಶಾಲೆಗಳಿಗೂ ಅರ್ಜಿ ಹಾಕಿದರೆ ಇಲ್ಲಿನ ಜಾಗ ಉಳಿಯುತ್ತದಾ?
- ಎಪಿ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಪಾಠ) ಕ್ರೆಡಿಟ್ ತೆಗೆದುಕೊಂಡು ಬಯಾಲಜಿ, ಕೆಮಿಸ್ಟ್ರಿ ಬಿಟ್ಟರೆ ಡೆಂಟಲ್ ಶಾಲೆ ಒಪ್ಪುತ್ತದಾ?

ಡಿಎಟಿ ಬಗ್ಗೆ ಎರಡು ಮಾತು. ಇದನ್ನು ನಡೆಸುವುದು ಅಮೆರಿಕದ ಡೆಂಟಿಸ್ಟರ ಸಂಘ. ನಾಲ್ಕು ಭಾಗ ಇರುತ್ತವೆ. ಬಯಾಲಜಿ, ಜನರಲ್ ಕೆಮಿಸ್ಟ್ರಿ, ಆರ್ಗಾನಿಕ್ ಕೆಮಿಸ್ಟ್ರಿ ಸೇರಿ 100 ಪ್ರಶ್ನೆ, 90 ನಿಮಿಷ. ಆಮೇಲೆ ಓದಿ ಅರ್ಥಮಾಡಿಕೊಳ್ಳುವುದು, ಗಣಿತ, ಮತ್ತು ನಮಗೆಲ್ಲ ಹೊಸದೆನಿಸುವ ಇನ್ನೊಂದು: ಆಕಾರಗಳನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವ ಭಾಗ. ಮಡಚಿ ತೂತು ಹಾಕಿದ ಕಾಗದವನ್ನು ಬಿಚ್ಚಿದರೆ ತೂತು ಎಲ್ಲೆಲ್ಲಿ ಇರುತ್ತದೆ, ಯಾವ ಕೋನ ಚಿಕ್ಕದು – ಇಂಥವು 90 ಪ್ರಶ್ನೆ, 60 ನಿಮಿಷ. 2025ರ ಮಾರ್ಚ್‌ವರೆಗೆ ಅಂಕ 1ರಿಂದ 30ರ ಅಳತೆಯಲ್ಲಿ ಬರುತ್ತಿತ್ತು. ಈಗ 200ರಿಂದ 600. ಹಾಗಾಗಿ ಹಳೆಯ ವಿದ್ಯಾರ್ಥಿಗಳು "ನನಗೆ 21 ಬಂದಿತ್ತು" ಅಂದರೆ ಅದನ್ನು ಈಗಿನ ಅಂಕದ ಪಕ್ಕ ಇಟ್ಟು ಹೋಲಿಸಬೇಡಿ.

2+3ರ ಕಷ್ಟ ಎಲ್ಲಿದೆ ಅಂತ ಈಗ ಗೊತ್ತಾಗುತ್ತದೆ. ಉಳಿದವರು ಮೂರು ವರ್ಷದಲ್ಲಿ ಹಂಚಿಕೊಂಡು ಓದುವ ವಿಜ್ಞಾನವನ್ನು ಇವರು ಎರಡರೊಳಗೆ ಮುಗಿಸಬೇಕು. ಎರಡನೇ ವರ್ಷ ಆರ್ಗಾನಿಕ್ ಕೆಮಿಸ್ಟ್ರಿ ಓದುತ್ತಲೇ ಡಿಎಟಿಗೆ ತಯಾರಾಗಬೇಕು, ಇಂಟರ್‌ವ್ಯೂಗೂ ಹೋಗಬೇಕು. ನನ್ನನ್ನು ಕೇಳಿದರೆ, ತುಂಬಾ ಗಟ್ಟಿ ಇರುವ, ಒತ್ತಡದಲ್ಲೂ ನಿದ್ದೆ ಊಟ ಬಿಡದ ಮಕ್ಕಳನ್ನು ಬಿಟ್ಟರೆ ಉಳಿದವರಿಗೆ 3+3 ಒಳ್ಳೆಯದು. ಒಂದು ವರ್ಷ ಜಾಸ್ತಿ ಆದರೂ ಉಸಿರಾಡಲು ಜಾಗ ಇರುತ್ತದೆ.

ಹಂತ 3: ಹೈಸ್ಕೂಲಿನ ಪಾಠಗಳು

ಇದರಲ್ಲಿ ಗುಟ್ಟೇನೂ ಇಲ್ಲ. ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್ ಮೂರೂ ಇರಲಿ. ಶಾಲೆಯಲ್ಲಿ ಎಪಿ ಇದ್ದರೆ ಬಯಾಲಜಿ, ಕೆಮಿಸ್ಟ್ರಿ, ಕ್ಯಾಲ್ಕುಲಸ್ ಮುಖ್ಯ. ಹನ್ನೆರಡನೇ ಕ್ಲಾಸಿನಲ್ಲಿ ವಿಜ್ಞಾನ ಬಿಡಬೇಡಿ. ಎಸ್ಎಟಿ ಕಡ್ಡಾಯ ಅಲ್ಲದ ಕಡೆಯೂ ಒಳ್ಳೆಯ ಅಂಕ ಬಂದಿದ್ದರೆ ಕಳಿಸಿ. ಯೂನಿವರ್ಸಿಟಿಗೆ ಬೇಡವಾದರೂ ಕೆಲವು ಕಾರ್ಯಕ್ರಮಗಳು ತಾವೇ ಬೇರೆ ನಿಯಮ ಇಟ್ಟುಕೊಂಡಿರುತ್ತವೆ, ಅದನ್ನೂ ನೋಡಿ.

ಹಂತ 4: ಅರ್ಜಿ ತುಂಬುವುದು

ಹಲವು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ಕಾಮನ್ ಆಪ್ ಪ್ರತಿ ವರ್ಷ ಆಗಸ್ಟ್ 1ಕ್ಕೆ ಹೊಸದಾಗಿ ತೆರೆಯುತ್ತದೆ. ಖಾತೆಯನ್ನು ಹನ್ನೊಂದನೇ ಕ್ಲಾಸಿನಲ್ಲೇ ಮಾಡಿಟ್ಟುಕೊಳ್ಳಬಹುದು. ಹೆಸರು, ವಿಳಾಸ, ಮನೆಯವರ ವಿವರ ಅಳಿಯದೆ ಮುಂದಿನ ವರ್ಷಕ್ಕೆ ಹೋಗುತ್ತದೆ. ಒಂದು ಇಮೇಲ್ ವಿಳಾಸವನ್ನು ಇದಕ್ಕೇ ಅಂತ ಇಟ್ಟುಕೊಳ್ಳಲಿ. ಶಾಲೆಯ ಇಮೇಲ್ ಬೇಡ, ಪಾಸಾದ ಮೇಲೆ ಅದು ಮುಚ್ಚಿಹೋಗಬಹುದು.

ಈಗ ನಮ್ಮ ಮನೆಯಲ್ಲಿ ಆದ ಒಂದು ಎಡವಟ್ಟು ಹೇಳುತ್ತೇನೆ. ಮಗಳು ಒಂದು ಕಾರ್ಯಕ್ರಮಕ್ಕೆ ಅರ್ಜಿ ತುಂಬಿ ಎಲ್ಲ ಹಸಿರು ಟಿಕ್ ಬಂದಿದೆ ಅಂತ ನಿರಾಳವಾಗಿದ್ದಳು. ಗಡುವಿಗೆ ಎರಡು ದಿನ ಇದ್ದಾಗ ನೋಡಿದರೆ, ಮೇಜರ್ ಅಂತ ಬರೀ ಬಯಾಲಜಿ ಆರಿಸಿದ್ದಳು. ಜೋಡಿ ಕಾರ್ಯಕ್ರಮದ ಹೆಸರನ್ನೇ ಆರಿಸಿರಲಿಲ್ಲ. ಅದನ್ನು ಆರಿಸಿದ ತಕ್ಷಣ ಅಲ್ಲಿಯವರೆಗೆ ಕಾಣದಿದ್ದ ಎರಡು ಪ್ರಬಂಧದ ಪ್ರಶ್ನೆಗಳು ತೆರೆದುಕೊಂಡವು. ಆ ಎರಡು ರಾತ್ರಿ ಅವಳೂ ಮಲಗಲಿಲ್ಲ, ನಾನೂ ಮಲಗಲಿಲ್ಲ. ಹೇಗೋ ಬರೆದು ಕಳಿಸಿದಳು. ಆದರೆ ಅದು ಅವಳು ಬರೆಯಬಹುದಾಗಿದ್ದ ಒಳ್ಳೆಯ ಪ್ರಬಂಧ ಆಗಿರಲಿಲ್ಲ. ಆ ಕಾರ್ಯಕ್ರಮದಲ್ಲಿ ಜಾಗ ಸಿಗಲಿಲ್ಲ. ಅದಕ್ಕೆ ನನ್ನ ಮೊದಲ ಬುದ್ಧಿಮಾತು: ಆಗಸ್ಟ್ ಮೊದಲ ವಾರವೇ ಯೂನಿವರ್ಸಿಟಿಯನ್ನು ಸೇರಿಸಿ, ಮೇಜರ್ ಜಾಗದಲ್ಲಿ ಸರಿಯಾದ ಜೋಡಿ ಕಾರ್ಯಕ್ರಮವನ್ನೇ ಆರಿಸಿ, ಯಾವ ಯಾವ ಪ್ರಶ್ನೆ ತೆರೆಯುತ್ತದೆ ಅಂತ ಒಂದು ಸಲ ನೋಡಿಬಿಡಿ. ಎಲ್ಲವನ್ನೂ ಒಂದು ಫೈಲಿಗೆ ಹಾಕಿಟ್ಟುಕೊಳ್ಳಿ.

ಗಡುವು ಇನ್ನೊಂದು ವಿಷಯ. ಯೂನಿವರ್ಸಿಟಿಯ ಸಾಮಾನ್ಯ ಗಡುವು ಜನವರಿಯಲ್ಲೋ ಇನ್ನೂ ಆಮೇಲೋ ಇರಬಹುದು. ಜೋಡಿ ಕಾರ್ಯಕ್ರಮಗಳಿಗೆ ಅಷ್ಟು ಸಮಯ ಕೊಡುವುದಿಲ್ಲ. ಪೆಸಿಫಿಕ್‌ನ ಡೆಂಟಲ್, ಫಾರ್ಮಸಿ ದಾರಿಗೆ ನವೆಂಬರ್ ಮಧ್ಯದ ಅರ್ಲಿ ಆಕ್ಷನ್ ಗಡುವನ್ನೇ ನಿಮ್ಮ ಗಡುವು ಅಂದುಕೊಳ್ಳಿ, ಆ ವರ್ಷದ ತಾರೀಕನ್ನು ಅವರ ಪುಟದಲ್ಲಿ ನೋಡಿ ಕ್ಯಾಲೆಂಡರಿನಲ್ಲಿ ಹಾಕಿ. ಅರ್ಲಿ ಆಕ್ಷನ್ ಅಂದರೆ ಬೇಗ ಹಾಕಿ ಬೇಗ ಉತ್ತರ ಪಡೆಯುವುದು. ಸಿಕ್ಕರೆ ಸೇರಲೇಬೇಕು ಅಂತಿಲ್ಲ. ಸೇರಲೇಬೇಕಾದದ್ದು ಅರ್ಲಿ ಡಿಸಿಷನ್, ಅದು ಬೇರೆ. ಇದೇ ನವೆಂಬರ್ ಕೊನೆಗೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ (ಯೂಸಿ) ಅರ್ಜಿಯ ಗಡುವೂ ಬರುತ್ತದೆ. ಅದಕ್ಕೆ ತಲಾ 350 ಪದದ ನಾಲ್ಕು ಉತ್ತರ ಬೇರೆ ಬರೆಯಬೇಕು. ಹಾಗಾಗಿ ಪೆಸಿಫಿಕ್‌ನದ್ದು ಅಕ್ಟೋಬರ್ ಮುಗಿಯುವುದರೊಳಗೆ ಕಳಿಸಿಬಿಟ್ಟರೆ ಮನೆಯಲ್ಲಿ ದೀಪಾವಳಿಯನ್ನು ನೆಮ್ಮದಿಯಿಂದ ಮಾಡಬಹುದು.

ಚಟುವಟಿಕೆಗಳ ಪಟ್ಟಿಯಲ್ಲಿ ಹತ್ತು ಜಾಗ ಇದೆ. ಒಂದೊಂದರ ವಿವರಕ್ಕೆ 150 ಅಕ್ಷರ ಮಾತ್ರ. ಹತ್ತನ್ನೂ ತುಂಬಬೇಕು ಅಂತಿಲ್ಲ. ಶಾಡೋಯಿಂಗ್, ಆಸ್ಪತ್ರೆಯ ಸೇವೆ ಮೊದಲಿಗೆ ಬರಲಿ. ಭಾನುವಾರದ ಕನ್ನಡ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಅಕ್ಷರ ಕಲಿಸಿದ್ದರೆ ಅದನ್ನು ಖಂಡಿತ ಹಾಕಿ. ಮನೆಯಲ್ಲಿ ತಮ್ಮನನ್ನು ನೋಡಿಕೊಂಡದ್ದು, ಅಜ್ಜಿಯ ಔಷಧಿಯ ಲೆಕ್ಕ ಇಟ್ಟದ್ದು ಕೂಡ ಚಟುವಟಿಕೆಯೇ. ನಮ್ಮವರು "ಅದೆಲ್ಲ ಮನೆ ಕೆಲಸ, ಏನು ಹಾಕೋದು" ಅಂತ ಬಿಟ್ಟುಬಿಡುತ್ತಾರೆ. ಕಾಮನ್ ಆಪ್‌ನಲ್ಲಿ ಮನೆಯ ಜವಾಬ್ದಾರಿ ಅಂತಲೇ ಒಂದು ವರ್ಗ ಇದೆ.

ಇನ್ನೊಂದು ಮುಖ್ಯ: ಕೈಯಿಂದ ಮಾಡುವ ಕೆಲಸ. ಡೆಂಟಲ್ ಶಾಲೆಗಳು ಇದನ್ನು ನಿಜವಾಗಿ ಗಮನಿಸುತ್ತವೆ. ವೀಣೆ, ರಂಗೋಲಿ, ಹಸೆ ಚಿತ್ತಾರ, ಜೇಡಿಮಣ್ಣಿನ ಗಣಪತಿ, ಹೊಲಿಗೆ, ರೋಬೋಟ್ ಜೋಡಿಸುವುದು – ಬೆರಳಿನ ನಾಜೂಕು ಬೇಕಾದ ಯಾವುದೂ ಆಗಬಹುದು. ಎಳೆ ರಂಗೋಲಿ ಚೆನ್ನಾಗಿ ಬಿಡುವ ಹುಡುಗಿ ಅದನ್ನು ಪಟ್ಟಿಯಿಂದ ಬಿಡಬಾರದು.

ಹಂತ 5: ಪ್ರಬಂಧ

ಎರಡು ಬಗೆಯ ಬರಹ ಬೇಕಾಗುತ್ತದೆ. ಎಲ್ಲ ಕಾಲೇಜಿಗೂ ಹೋಗುವ ದೊಡ್ಡ ಪ್ರಬಂಧ ಒಂದು, ಹೆಚ್ಚೆಂದರೆ 650 ಪದ. ಇಂಥ ಕಾರ್ಯಕ್ರಮಗಳು ಸಾಮಾನ್ಯವಾಗಿ ಕೇಳುವ "ಈ ವೃತ್ತಿ ಯಾಕೆ" ಅನ್ನೋದು ಇನ್ನೊಂದು. ಎರಡರಲ್ಲೂ ಒಂದೇ ಕಥೆ ಬೇಡ. ದೊಡ್ಡ ಪ್ರಬಂಧದಲ್ಲಿ ಮಗಳು ಎಂಥವಳು ಅಂತ ಕಾಣಲಿ. ಅದರಲ್ಲಿ ಹಲ್ಲಿನ ವಿಷಯ ಬರದಿದ್ದರೂ ನಡೆಯುತ್ತದೆ.

"ಯಾಕೆ" ಅನ್ನುವ ಪ್ರಬಂಧದಲ್ಲಿ ಹತ್ತರಲ್ಲಿ ಎಂಟು ಮಕ್ಕಳು ಬರೆಯುವುದು ಹೀಗೆ: ನನಗೆ ಚಿಕ್ಕಂದಿನಿಂದ ವಿಜ್ಞಾನ ಇಷ್ಟ, ಜನರಿಗೆ ಸಹಾಯ ಮಾಡುವುದು ಇಷ್ಟ, ಎರಡೂ ಸೇರಿದ್ದು ಡೆಂಟಿಸ್ಟ್ರಿ. ಇದರಲ್ಲಿ ಸುಳ್ಳಿಲ್ಲ. ಆದರೆ ನರ್ಸ್ ಆಗುವವರೂ ಇದನ್ನೇ ಬರೆಯಬಹುದು, ಮೇಷ್ಟ್ರಾಗುವವರೂ ಬರೆಯಬಹುದು. ಓದುವವರಿಗೆ ಬೇಕಾದದ್ದು ಹಲ್ಲಿನ ಡಾಕ್ಟರೇ ಯಾಕೆ ಅನ್ನುವುದು.

ನನ್ನ ಮಗಳ ಉದಾಹರಣೆಯನ್ನೇ ಹೇಳುತ್ತೇನೆ. ಹಾಸನದಿಂದ ನನ್ನ ಅಮ್ಮ ಆರು ತಿಂಗಳಿಗೆ ಅಂತ ಬಂದಿದ್ದರು. ಬಂದ ಎರಡನೇ ವಾರಕ್ಕೆ ಹಲ್ಲಿನ ಸೆಟ್ ಮುರಿಯಿತು. ಪ್ರವಾಸದ ಇನ್ಶೂರೆನ್ಸ್‌ನಲ್ಲಿ ಅದು ಬರುತ್ತಿರಲಿಲ್ಲ. ಅಮ್ಮ ಎಲ್ಲರೆದುರು ಊಟ ಮಾಡುವುದನ್ನೇ ಬಿಟ್ಟರು. ನಮ್ಮದೆಲ್ಲ ಮುಗಿದ ಮೇಲೆ ಅಡುಗೆಮನೆಯಲ್ಲಿ ಗಂಜಿ ಕುಡಿಯುತ್ತಿದ್ದರು. ಮಗಳು ಒಂದು ಸಮುದಾಯ ಕ್ಲಿನಿಕ್ ಹುಡುಕಿ ಅಜ್ಜಿಯನ್ನು ಕರೆದುಕೊಂಡು ಹೋದಳು. ಡಾಕ್ಟರ್ ಇಂಗ್ಲಿಷಿನಲ್ಲಿ ಕೇಳಿದ್ದನ್ನು ಕನ್ನಡಕ್ಕೆ, ಅಜ್ಜಿ ಹೇಳಿದ್ದನ್ನು ಇಂಗ್ಲಿಷಿಗೆ ತಿರುಗಿಸಿದಳು. "ಜುಮ್ಮೆನ್ನುತ್ತೆ" ಅನ್ನೋದಕ್ಕೆ ಪದ ಸಿಗದೆ ಒದ್ದಾಡಿದಳಂತೆ. ಹೊಸ ಸೆಟ್ ಬಂದ ದಿನ ಅಮ್ಮ ಎಲ್ಲರ ಜೊತೆ ಕೂತು ಚಕ್ಕುಲಿ ತಿಂದರು. ಮಗಳು ಬರೆದದ್ದು ಇಷ್ಟೇ. ಹಲ್ಲು ಹೋದರೆ ಒಬ್ಬರು ಊಟದ ಮನೆಯಿಂದಲೇ ದೂರವಾಗುತ್ತಾರೆ ಅಂತ ಅವತ್ತು ಗೊತ್ತಾಯಿತು ಅನ್ನುವ ಸಾಲು ಅವಳದ್ದೇ. ನಾವು ಹೇಳಿಕೊಟ್ಟದ್ದಲ್ಲ.

ನಿಮ್ಮ ಮಗಳ ಕಥೆ ಬೇರೆ ಇರುತ್ತದೆ. ಶಾಡೋಯಿಂಗ್ ನೋಟ್‌ಬುಕ್ ತೆಗೆದು ಯಾವ ದಿನದ ಬಗ್ಗೆ ಅತಿ ಹೆಚ್ಚು ಬರೆದಿದ್ದಾಳೆ ಅಂತ ನೋಡಲಿ. ಕಥೆ ಅಲ್ಲೇ ಸಿಗುತ್ತದೆ. ದಯವಿಟ್ಟು ನೀವು ಬರೆದುಕೊಡಬೇಡಿ, ದುಡ್ಡು ಕೊಟ್ಟು ಬರೆಸಬೇಡಿ. ಇಂಟರ್‌ವ್ಯೂನಲ್ಲಿ ಅದೇ ಪ್ರಬಂಧದ ಮೇಲೆ ಪ್ರಶ್ನೆ ಬಂದಾಗ ಉತ್ತರಿಸಬೇಕಾದದ್ದು ಅವಳೇ.

ಹಂತ 6: ಶಿಫಾರಸು ಪತ್ರ

ಹನ್ನೊಂದನೇ ಕ್ಲಾಸು ಮುಗಿಯುವ ಮೊದಲು, ಏಪ್ರಿಲ್ ಮೇ ಹೊತ್ತಿಗೆ ಕೇಳಿಬಿಡಲಿ. ಒಬ್ಬರು ವಿಜ್ಞಾನದ ಮೇಷ್ಟ್ರು ಇರಲೇಬೇಕು. ಅತಿ ಹೆಚ್ಚು ಅಂಕ ಕೊಟ್ಟವರಿಗಿಂತ ಮಗಳನ್ನು ಚೆನ್ನಾಗಿ ಬಲ್ಲವರು ವಾಸಿ. ಸರ್ಕಾರಿ ಹೈಸ್ಕೂಲಿನ ಕೌನ್ಸೆಲರ್‌ಗೆ ನೂರಾರು ಮಕ್ಕಳ ಜವಾಬ್ದಾರಿ ಇರುತ್ತದೆ. ನಿಮ್ಮ ಮಗಳ ಹೆಸರು ಕೂಡ ತಟ್ಟನೆ ನೆನಪಾಗದೆ ಇರಬಹುದು. ಒಂದು ಪುಟದಲ್ಲಿ ಮಗಳು ಏನೇನು ಮಾಡಿದ್ದಾಳೆ, ಯಾಕೆ ಈ ದಾರಿ, ಗಡುವು ಯಾವಾಗ ಅಂತ ಬರೆದು ಕೊಟ್ಟರೆ ಅವರಿಗೂ ಸುಲಭ. ಪತ್ರವನ್ನು ತಾನು ನೋಡುವುದಿಲ್ಲ ಅನ್ನುವ ಆಯ್ಕೆಗೆ ಒಪ್ಪಿಗೆ ಕೊಡಲಿ. ಹಾಗೆ ಕೊಟ್ಟ ಪತ್ರಕ್ಕೆ ಬೆಲೆ ಜಾಸ್ತಿ. ಕೆಲಸ ಮುಗಿದ ಮೇಲೆ ಥ್ಯಾಂಕ್ಸ್ ಹೇಳಿ ಕೈಯಲ್ಲಿ ಬರೆದ ಒಂದು ಚೀಟಿ ಕೊಡಲಿ.

ಹಂತ 7: ಇಂಟರ್‌ವ್ಯೂ

ಕೆಲವು ಕಾರ್ಯಕ್ರಮಗಳಲ್ಲಿ ಹೈಸ್ಕೂಲ್ ಹಂತದಲ್ಲೇ ಇಂಟರ್‌ವ್ಯೂ ಇರುತ್ತದೆ. ಕೆಲವು ಕಡೆ ಡೆಂಟಲ್ ಶಾಲೆಗೆ ಹೋಗುವ ಮುಂಚೆ ಇರುತ್ತದೆ. ಯಾವಾಗ ಬಂದರೂ ತಯಾರಿ ಒಂದೇ. ಸಾಮಾನ್ಯವಾಗಿ ಬರುವ ಪ್ರಶ್ನೆಗಳು: ಡಾಕ್ಟರ್ ಬಿಟ್ಟು ಡೆಂಟಿಸ್ಟ್ ಯಾಕೆ? ಶಾಡೋಯಿಂಗ್‌ನಲ್ಲಿ ಇಷ್ಟವಾಗದ್ದು ಏನು? ಕೈಯಿಂದ ಏನು ಮಾಡುತ್ತೀರಿ? ಸೋತದ್ದು ಯಾವಾಗ, ಆಮೇಲೆ ಏನು ಮಾಡಿದಿರಿ? ದುಡ್ಡಿಲ್ಲದ ರೋಗಿ ಬಂದರೆ?

ನಮ್ಮ ಮಕ್ಕಳು ಎಡವುವುದು "ಇಷ್ಟವಾಗದ್ದು ಏನು" ಅನ್ನೋದರಲ್ಲಿ. ದೊಡ್ಡವರೆದುರು ಕೊರತೆ ಹೇಳಬಾರದು ಅಂತ ಬೆಳೆಸಿರುತ್ತೇವೆ ಅಲ್ವಾ? "ಎಲ್ಲವೂ ಇಷ್ಟವಾಯಿತು" ಅಂದುಬಿಡುತ್ತಾರೆ. ಅಂಥ ಉತ್ತರ ಕೇಳಿದವರಿಗೆ ಇವಳು ಸರಿಯಾಗಿ ನೋಡಿಲ್ಲ ಅನ್ನಿಸುತ್ತದೆ. ಕತ್ತು ನೋವು ಬರುತ್ತದೆ, ಹೆದರಿದ ಮಗುವನ್ನು ಸಮಾಧಾನ ಮಾಡಲು ಅರ್ಧ ಗಂಟೆ ಹೋಗುತ್ತದೆ ಅಂತ ನೋಡಿದ್ದನ್ನು ನೋಡಿದ ಹಾಗೆ ಹೇಳಲಿ. ಮನೆಯಲ್ಲಿ ಅಭ್ಯಾಸ ಮಾಡಿಸುವಾಗ ಅಪ್ಪ ಅಮ್ಮ ಪ್ರಶ್ನೆ ಕೇಳುವುದಕ್ಕಿಂತ ಕೂಟದ ಸ್ನೇಹಿತರೊಬ್ಬರು ಕೇಳಿದರೆ ಒಳ್ಳೆಯದು. ನಮ್ಮೆದುರು ಅವರು ಮಕ್ಕಳೇ ಆಗಿಬಿಡುತ್ತಾರೆ.

ಹಂತ 8: ದುಡ್ಡಿನ ಲೆಕ್ಕ, ಅರ್ಜಿಗೆ ಮುಂಚೆಯೇ

ಈ ಭಾಗವನ್ನು ಗಂಡ ಹೆಂಡತಿ ಮಗಳು ಮೂವರೂ ಕೂತು ಓದಿ.

ಪೆಸಿಫಿಕ್‌ನಲ್ಲಿ ಡಿಗ್ರಿ ಹಂತದ ಬರೀ ಟ್ಯೂಷನ್ ವರ್ಷಕ್ಕೆ 50 ಸಾವಿರ ಡಾಲರ್ ದಾಟುತ್ತದೆ. ಮೆರಿಟ್ ಸ್ಕಾಲರ್‌ಶಿಪ್ ಬಂದರೆ ಅದು ಇಳಿಯುತ್ತದೆ. ಡೆಂಟಲ್ ಶಾಲೆಯ ಟ್ಯೂಷನ್ ವರ್ಷಕ್ಕೆ 1 ಲಕ್ಷ ಡಾಲರ್‌ಗಿಂತ ಹೆಚ್ಚು. ನಾಲ್ಕು ವರ್ಷದ ಓದನ್ನು ಮೂರಕ್ಕೆ ಇಳಿಸಿರುವುದರಿಂದ ವರ್ಷದ ಬಿಲ್ ದೊಡ್ಡದು. ಅದರ ಮೇಲೆ ಸ್ಯಾನ್ ಫ್ರಾನ್ಸಿಸ್ಕೋದ ಬಾಡಿಗೆ.

ಮೊದಲಾದರೆ ಜನ "ಸಾಲ ಸಿಗುತ್ತೆ ಬಿಡಿ" ಅನ್ನುತ್ತಿದ್ದರು. ಕೇಂದ್ರ ಸರ್ಕಾರದ ಗ್ರಾಡ್ ಪ್ಲಸ್ ಸಾಲದಲ್ಲಿ ಪೂರ್ತಿ ಖರ್ಚಿನಷ್ಟು ಸಿಗುತ್ತಿತ್ತು. 2025ರ ಜುಲೈಯಲ್ಲಿ ಬಂದ ಕಾನೂನು ಅದನ್ನು ಬದಲಾಯಿಸಿತು. 2026ರ ಜುಲೈ 1ರಿಂದ ಹೊಸಬರಿಗೆ ಗ್ರಾಡ್ ಪ್ಲಸ್ ಇಲ್ಲ. ಡೆಂಟಲ್, ಮೆಡಿಕಲ್, ಫಾರ್ಮಸಿಯಂಥ ವೃತ್ತಿ ಓದಿಗೆ ಸರ್ಕಾರದ ಸಾಲ ವರ್ಷಕ್ಕೆ 50 ಸಾವಿರ ಡಾಲರ್, ಒಟ್ಟು 2 ಲಕ್ಷ ಡಾಲರ್‌ಗೆ ಮಿತಿ. ಈಗ ಲೆಕ್ಕ ಹಾಕಿ. ಮೂರು ವರ್ಷದ ಟ್ಯೂಷನ್ನೇ 3 ಲಕ್ಷ ದಾಟುತ್ತದೆ. ಸರ್ಕಾರದಿಂದ ಮೂರು ವರ್ಷಕ್ಕೆ ಸಿಗುವುದು ಒಂದೂವರೆ ಲಕ್ಷ. ಉಳಿದದ್ದು ನಿಮ್ಮ ಉಳಿತಾಯ ಅಥವಾ ಖಾಸಗಿ ಸಾಲ. ಖಾಸಗಿ ಸಾಲಕ್ಕೆ ಸಾಮಾನ್ಯವಾಗಿ ಅಪ್ಪನೋ ಅಮ್ಮನೋ ಜಾಮೀನು ಹಾಕಬೇಕಾಗುತ್ತದೆ. ನಾಲ್ಕು ವರ್ಷದ ಶಾಲೆಗೆ ಹೋದವರು ಸರ್ಕಾರದಿಂದ ಪೂರ್ತಿ 2 ಲಕ್ಷ ತೆಗೆದುಕೊಳ್ಳಬಹುದು. ಇವರು ಒಂದು ವರ್ಷ ಮುಂಚೆ ದುಡಿಯಲು ಶುರು ಮಾಡುತ್ತಾರೆ. ಎರಡನ್ನೂ ತೂಗಿ ನೋಡಿ.

ಯೂಸಿ ಡೇವಿಸ್‌ನಂಥ ಕಡೆ ನಾಲ್ಕು ವರ್ಷ ಕಡಿಮೆ ಖರ್ಚಿನಲ್ಲಿ ಓದಿ, ಆಮೇಲೆ ಎಲ್ಲ ಡೆಂಟಲ್ ಶಾಲೆಗಳಿಗೂ ಅರ್ಜಿ ಹಾಕುವ ದಾರಿಯನ್ನೂ ಇದರ ಪಕ್ಕದಲ್ಲೇ ಇಟ್ಟು ಲೆಕ್ಕ ಹಾಕಿ. ಡುಗೋನಿ ಶಾಲೆಗೆ ಆ ದಾರಿಯಿಂದಲೂ ಹೋಗಬಹುದು. ಫಾರ್ಮಸಿಯ ವಿಷಯದಲ್ಲಂತೂ ನನ್ನ ಅಭಿಪ್ರಾಯ ನೇರವಾಗಿದೆ. ಹತ್ತು ಹದಿನೈದು ವರ್ಷದ ಹಿಂದೆ ಇದ್ದಷ್ಟು ಪೈಪೋಟಿ ಫಾರ್ಮಸಿ ಶಾಲೆಗಳಿಗೆ ಈಗ ಇಲ್ಲ. ಪಿಕ್ಯಾಟ್ ಅನ್ನುವ ಪ್ರವೇಶ ಪರೀಕ್ಷೆಯೇ 2024ರಲ್ಲಿ ನಿಂತುಹೋಯಿತು. ಆದ್ದರಿಂದ ಮುಂಚೆಯೇ ಜಾಗ ಕಾಯ್ದಿರಿಸಲು ಜಾಸ್ತಿ ದುಡ್ಡು ಕೊಡುವ ಮೊದಲು ಎರಡು ಸಲ ಯೋಚಿಸಿ.

ಸರ್ಕಾರದ ಹಣದ ನೆರವಿಗೆ ಹಾಕುವ ಫಾಫ್ಸಾ ಅರ್ಜಿ ಸಾಮಾನ್ಯವಾಗಿ ಅಕ್ಟೋಬರ್‌ನಲ್ಲಿ ತೆರೆಯುತ್ತದೆ. ಸಂಬಳ ಜಾಸ್ತಿ ಇದೆ, ಏನೂ ಸಿಗಲ್ಲ ಅಂತ ಬಿಡಬೇಡಿ. ಸರ್ಕಾರದ ಸಾಲ ಬೇಕಾದರೂ ಅದನ್ನು ತುಂಬಿರಲೇಬೇಕು. ಕ್ಯಾಲಿಫೋರ್ನಿಯಾ ರಾಜ್ಯ ಕೊಡುವ ಕ್ಯಾಲ್ ಗ್ರಾಂಟ್ ನೆರವಿಗೆ ಮಾರ್ಚ್ 2ರ ಗಡುವು ನೆನಪಿಡಿ. ಮೆರಿಟ್ ಸ್ಕಾಲರ್‌ಶಿಪ್ ಬಂದರೆ ಎರಡು ಪ್ರಶ್ನೆ ಕೇಳಿ: ಪ್ರತಿ ವರ್ಷ ಉಳಿಯಲು ಎಷ್ಟು ಜಿಪಿಎ ಬೇಕು? ಡೆಂಟಲ್ ಶಾಲೆಗೆ ಹೋದ ಮೇಲೂ ಬರುತ್ತದಾ?

ಮಗಳು ಎಚ್-4 ವೀಸಾದಲ್ಲಿದ್ದರೆ

ಗ್ರೀನ್ ಕಾರ್ಡಿಗೆ ಹತ್ತಾರು ವರ್ಷ ಕಾಯುತ್ತಿರುವ ನಮ್ಮವರ ಮನೆಗಳಲ್ಲಿ ಇದು ದೊಡ್ಡ ಚಿಂತೆ. ಎಚ್-4ನಲ್ಲಿರುವ ಮಕ್ಕಳಿಗೆ ಫಾಫ್ಸಾ ಇಲ್ಲ, ಸರ್ಕಾರದ ಸಾಲ ಇಲ್ಲ. 21 ತುಂಬಿದರೆ ಎಚ್-4 ಮುಗಿಯುತ್ತದೆ. ಅದಕ್ಕೆ ಮುಂಚೆಯೇ ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾಯಿಸಿಕೊಳ್ಳಬೇಕು. 2+3ರಲ್ಲಿ ಈ ವಯಸ್ಸು ಸರಿಯಾಗಿ ಡೆಂಟಲ್ ಶಾಲೆಯ ಮೊದಲ ವರ್ಷದ ಆಸುಪಾಸಿಗೆ ಬರುತ್ತದೆ. ಇಂಥ ಕಾರ್ಯಕ್ರಮಗಳಲ್ಲಿ ಕೆಲವು ಪ್ರಜೆಗಳು ಮತ್ತು ಗ್ರೀನ್ ಕಾರ್ಡ್ ಇರುವವರಿಗೆ ಮಾತ್ರ. ಹಾಗಾಗಿ ಪ್ರಬಂಧ ಶುರು ಮಾಡುವ ಮೊದಲೇ ಇಮೇಲ್ ಬರೆದು ಮೂರು ವಿಷಯ ಕೇಳಿ: ಎಚ್-4ನವರು ಅರ್ಜಿ ಹಾಕಬಹುದಾ? ನಡುವೆ ಎಫ್-1ಗೆ ಬದಲಾದರೆ ಡೆಂಟಲ್ ಶಾಲೆಯ ಜಾಗಕ್ಕೆ ತೊಂದರೆ ಇದೆಯಾ? ಮೆರಿಟ್ ಸ್ಕಾಲರ್‌ಶಿಪ್ ಸಿಗುತ್ತದಾ? ವೀಸಾ ಬದಲಾವಣೆಗೆ ವಕೀಲರ ಹತ್ತಿರ ಒಂದು ವರ್ಷ ಮುಂಚೆ ಹೋಗಿ.

ಹಂತ 9: ಉತ್ತರ ಬಂದ ಮೇಲೆ

ಮೂರು ಬಗೆಯ ಉತ್ತರ ಬರಬಹುದು. ಕೇಳಿದ ದಾರಿಯೇ ಸಿಗಬಹುದು. 2+3 ಕೇಳಿದವರಿಗೆ 3+3 ಅಥವಾ 4+3 ಸಿಗಬಹುದು. ಅಥವಾ ಯೂನಿವರ್ಸಿಟಿಗೆ ಮಾತ್ರ ಪ್ರವೇಶ ಸಿಕ್ಕಿ ಜೋಡಿ ಕಾರ್ಯಕ್ರಮ ಸಿಗದಿರಬಹುದು. ಮೂರನೆಯದು ಬಂದರೆ ಮನೆಯಲ್ಲಿ ಅಳು ಬರುತ್ತದೆ. ಬರಲಿ. ಎರಡು ದಿನ ಬಿಟ್ಟು, ಒಳಗೆ ಸೇರಿದ ಮೇಲೆ ಆ ದಾರಿಗೆ ಸೇರಲು ಅವಕಾಶ ಇದೆಯಾ ಅಂತ ವಿಚಾರಿಸಿ. ಇಲ್ಲದಿದ್ದರೂ ಉಳಿದ ಎಲ್ಲರ ಹಾಗೆ ನಾಲ್ಕು ವರ್ಷ ಓದಿ ಅರ್ಜಿ ಹಾಕುವ ದಾರಿ ತೆರೆದೇ ಇದೆ. ಈ ದೇಶದ ಬಹುತೇಕ ಡೆಂಟಿಸ್ಟರು ಹಾಗೆ ಆದವರೇ.

ಸಿಕ್ಕರೆ, ಒಪ್ಪುವ ಮೊದಲು ಕ್ಯಾಂಪಸ್ಸಿಗೆ ಹೋಗಿ ಬನ್ನಿ. ಫ್ರೀಮಾಂಟ್‌ನಿಂದ ಆಲ್ಟಮಾಂಟ್ ಗುಡ್ಡ ದಾಟಿದರೆ ಸ್ಟಾಕ್ಟನ್, ಟ್ರಾಫಿಕ್ ಇಲ್ಲದಿದ್ದರೆ ಒಂದು ಗಂಟೆ ಚಿಲ್ಲರೆ. ಏಸ್ ರೈಲೂ ಇದೆ, ಆದರೆ ಅದು ಕೆಲಸಕ್ಕೆ ಹೋಗುವವರಿಗಾಗಿ ಓಡುವ ರೈಲು. ಬೆಳಿಗ್ಗೆ ಸ್ಟಾಕ್ಟನ್‌ನಿಂದ ಸ್ಯಾನ್ ಹೋಸೆ ಕಡೆಗೆ, ಸಂಜೆ ವಾಪಸ್. ಮಗಳು ಶುಕ್ರವಾರ ಸಂಜೆ ಮನೆಗೆ ಬರಲು ಅದು ಆಗಿಬರುವುದಿಲ್ಲ. ಸ್ಟಾಕ್ಟನ್‌ಗೆ ಹೋದಾಗ ಸಮಯ ಇದ್ದರೆ ಅಲ್ಲಿ 1912ರಲ್ಲಿ ಶುರುವಾದ ಗುರುದ್ವಾರಕ್ಕೂ ಹೋಗಿ. ಅಮೆರಿಕದ ಮೊದಲ ಗುರುದ್ವಾರ ಅದು. ನಮ್ಮ ದೇಶದವರು ಆ ಊರಿನಲ್ಲಿ ನೂರು ವರ್ಷಕ್ಕೂ ಹಿಂದೆ ನೆಲೆಸಿದ್ದರು ಅಂತ ಮಗಳಿಗೆ ತಿಳಿದರೆ ಊರು ಅಷ್ಟು ಪರಕೀಯ ಅನ್ನಿಸುವುದಿಲ್ಲ.

ಕ್ಯಾಂಪಸ್ಸಿನಲ್ಲಿ ಟೂರ್ ಮಾಡಿಸುವವರ ಜೊತೆ ಮಾತಾಡಿದರೆ ಸಾಲದು. ಅದೇ ದಾರಿಯಲ್ಲಿ ಎರಡನೇ ವರ್ಷದಲ್ಲಿರುವ ಒಬ್ಬ ವಿದ್ಯಾರ್ಥಿಯನ್ನು ಹುಡುಕಿ ಮಗಳು ಒಬ್ಬಳೇ ಮಾತಾಡಲಿ, ನೀವು ಕಾಫಿ ಕುಡಿಯುತ್ತಾ ದೂರ ಕೂತಿರಿ. ನಿಮ್ಮ ಜೊತೆ ಸೇರಿದವರಲ್ಲಿ ಎಷ್ಟು ಜನ ಇನ್ನೂ ಈ ದಾರಿಯಲ್ಲಿ ಉಳಿದಿದ್ದಾರೆ ಅಂತ ಅವಳು ಕೇಳಲೇಬೇಕು.

ಸೇರುವುದಾದರೆ ಸಾಮಾನ್ಯವಾಗಿ ಮೇ 1ರೊಳಗೆ ಡೆಪಾಸಿಟ್ ಕಟ್ಟಬೇಕು. ಉಳಿದ ಕಾಲೇಜುಗಳಿಗೆ ಬರುವುದಿಲ್ಲ ಅಂತ ತಿಳಿಸಿಬಿಡಿ, ಆ ಜಾಗಕ್ಕೆ ಇನ್ಯಾರೋ ಕಾಯುತ್ತಿರುತ್ತಾರೆ. ಹನ್ನೆರಡನೇ ಕ್ಲಾಸಿನ ಕೊನೆಯ ಅಂಕಗಳು ಕೆಳಗಿಳಿಯದಂತೆ ನೋಡಿಕೊಳ್ಳಲಿ, ಆಫರ್ ಅದರ ಮೇಲೂ ನಿಂತಿರುತ್ತದೆ. ಜೂನ್‌ನಲ್ಲಿ ಶಾಲೆಯಿಂದ ಅಂತಿಮ ಟ್ರಾನ್ಸ್‌ಕ್ರಿಪ್ಟ್ ಹೋಗಿದೆಯಾ ಅಂತ ಪೋರ್ಟಲ್‌ನಲ್ಲಿ ನೋಡಿ. ಜುಲೈಯಲ್ಲಿ ಎಪಿ ಅಂಕ ಕಳಿಸಿ. ಲಸಿಕೆಗಳ ದಾಖಲೆ ಕೇಳುತ್ತಾರೆ. ಚಿಕ್ಕಂದಿನಲ್ಲಿ ಊರಿನಲ್ಲಿ ಹಾಕಿಸಿದ್ದಿದ್ದರೆ ಆ ಹಳೆಯ ಕಾರ್ಡನ್ನು ಈಗಲೇ ಹುಡುಕಿಡಿ. ಮತ್ತೆ ಆ ಶಾಡೋಯಿಂಗ್ ನೋಟ್‌ಬುಕ್ಕನ್ನು ಮಗಳ ಪೆಟ್ಟಿಗೆಯಲ್ಲೇ ಇಡಿ. ಡೆಂಟಲ್ ಶಾಲೆಯ ಅರ್ಜಿ ತುಂಬುವಾಗ ಯಾವ ಕ್ಲಿನಿಕ್, ಯಾವ ತಾರೀಕು, ಎಷ್ಟು ಗಂಟೆ ಅಂತ ಮತ್ತೆ ಕೇಳುತ್ತಾರೆ.